ಬಾಗಿ ಕೂತ ಜಾಗ

ಬಾಗಿ ಎಂಬ ಹೆಂಗಸು ಕುರ್ಚಿಯಲ್ಲಿ ಕೂತಳು ಎನ್ನುವ ಸುದ್ದಿಯನ್ನು ಅವಳ ಮಗಳು ದೇವಕಿ ಮೊದಲಿಗೆ ನಂಬಲಿಲ್ಲ. ನಂಬುವ ಮಾತೇ ಅದು? ಎಂಬತ್ತರ ಹತ್ತಿರದ ಮುದುಕಿ, ಜನ್ಮದಲ್ಲಿ ಕುರ್ಚಿಗೆ ಬೆನ್ನು ತಾಗಿಸಿದವಳಲ್ಲ. ದೇವಕಿ ಪುತ್ತೂರಿನ ಗೇರುಬೀಜದ ಕಾರ್ಖಾನೆಗೆ ಸೇರಿ, ಪೇಟೆಯ ಹೊರಗೆ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿದಾಗ ಮೊದಲು ತಂದದ್ದೇ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ. ಒಂದು ತನಗೆ, ಒಂದು ಅಮ್ಮನಿಗೆ. ಅಮ್ಮನ ಕುರ್ಚಿಯಲ್ಲಿ ಒಗೆದ ಬಟ್ಟೆ ಕೂತಿತು, ನೆಂಟರು ಕೂತರು, ಪಕ್ಕದ ಮನೆಯ ಬೆಕ್ಕು ಕೂತಿತು. ಬಾಗಿ ಮಾತ್ರ ಹೊಸ್ತಿಲು ಬಿಟ್ಟು ಕದಲಲಿಲ್ಲ. ಹೇಳಿ ಹೇಳಿ ದೇವಕಿಯ ಬಾಯಿ ಸೋತು ಹೋಗಿತ್ತು.

ಅಂಥವಳು ಹಗಲುಮನೆಯಲ್ಲಿ ಹತ್ತು ಜನರ ನಡುವೆ, ಕೈಯಿರುವ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳಂತೆ. ಹಗಲುಮನೆ ಎಂದರೆ ಮರೆವಿನ ಕಾಯಿಲೆಯ ಮುದುಕರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಜಾಗ. ಯಾರೋ ಪುಣ್ಯಾತ್ಮರು ಹಳೆಯ ಕಟ್ಟಡವೊಂದರಲ್ಲಿ ನಡೆಸುತ್ತಿದ್ದರು. ದೇವಕಿ ಸುಳ್ಯ, ಕಡಬದವರೆಗೆ ವಿಚಾರಿಸಿ ನೋಡಿದ್ದಳು. ಅಂಥ ಇನ್ನೊಂದು ಜಾಗ ಇದೆ ಎಂದವರಿಲ್ಲ. ಅಲ್ಲಿ ದಿನಾ ಬೆಳಿಗ್ಗೆ ಫರ್ಝಾನಾ ಎಂಬ ಹುಡುಗಿ ಎಲ್ಲರನ್ನೂ ಸುತ್ತಲೂ ಕುರ್ಚಿ ಹಾಕಿ ಕೂರಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಕೈ ಮೇಲೆ, ಕೈ ಕೆಳಗೆ. ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು. ಒಂದೊಂದೇ ಕಾಲು ಮುಂದೆ ಚಾಚುವುದು. ಬಟ್ಟೆಯ ಚೆಂಡನ್ನು ಪಕ್ಕದವರಿಗೆ ದಾಟಿಸುವುದು. ನಿಲ್ಲಿಸಿ ಮಾಡಿಸಿದರೆ ಬೀಳುವವರು, ಮಲಗಿಸಿ ಮಾಡಿಸಿದರೆ ನಿದ್ದೆ ಹೋಗುವವರು. ಹಾಗಾಗಿ ಎಲ್ಲವೂ ಕೂತಲ್ಲೇ. ಕೈಕಾಲು ಆಡುತ್ತಿದ್ದರೆ ಹಾಸಿಗೆ ಹಿಡಿಯುವುದು ತಡವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ, ರಂಪ ಕಡಿಮೆಯಾಗುತ್ತದೆ ಎಂದು ಫರ್ಝಾನಾ ವಿವರಿಸಿದ್ದಳು. ಹೇಳಿದ್ದು ಸುಳ್ಳಾಗಲಿಲ್ಲ. ತಿಂಗಳಾಗುವಷ್ಟರಲ್ಲಿ ಬಾಗಿ ತನ್ನ ಕೈಯಲ್ಲೇ ಗಂಜಿ ಉಣ್ಣತೊಡಗಿದಳು.

ಹಗಲುಮನೆಗೆ ಸೇರಿಸುವ ಮೊದಲಿನ ಕಾಲವನ್ನು ದೇವಕಿ ನೆನೆಯುತ್ತಿರಲಿಲ್ಲ. ಗಂಡ ತೀರಿಹೋಗಿ, ಮಗಳನ್ನು ನೆಲ್ಯಾಡಿಗೆ ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ಉಳಿದದ್ದು ಅಮ್ಮ ಮತ್ತು ಅವಳು. ಅಮ್ಮ ಹಗಲು ಹೊತ್ತಿನಲ್ಲಿ ರಸ್ತೆಗೆ ಇಳಿದು ನಡೆದುಬಿಡುತ್ತಿದ್ದಳು. ಒಂದು ಸಲ ಲಾರಿಯವನು ಬ್ರೇಕು ಹಾಕಿ, ಇಳಿದು ಬಂದು, ಬಾಯಿಗೆ ಬಂದದ್ದು ಬೈದು ಹೋದ. ಬಾಗಿಲಿಗೆ ಬೀಗ ಹಾಕಿದರೆ ಬಾಗಿಲಿಗೇ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕಾರ್ಖಾನೆಗೆ ಹೋಗದಿದ್ದರೆ ಒಲೆ ಉರಿಯದು. ಕಡೆಗೆ ದೇವಕಿ ಒಂದು ಹಳೆಯ ನೂಲಿನ ಸೀರೆಯನ್ನು ಅಮ್ಮನ ಸೊಂಟಕ್ಕೆ ಸುತ್ತಿ ಮಂಚದ ಕಾಲಿಗೆ ಕಟ್ಟಿದಳು. ನೀರಿನ ಚೊಂಬು ಕೈಗೆ ಸಿಗುವಷ್ಟು ಸಡಿಲ ಬಿಟ್ಟಳು. ದನ ಕಟ್ಟುವಾಗಲೂ ಅಷ್ಟು ಬಿಡುತ್ತಾರೆ. ಸಂಜೆ ಬಂದು ಬಿಚ್ಚುವಾಗ ಒದ್ದೆ ಹಾಸಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಅಮ್ಮ ಬಿಚ್ಚುವ ಕೈಯನ್ನು ಪ್ರೀತಿಯಿಂದ ಸವರುತ್ತಿದ್ದಳು. ಕಟ್ಟಿದ ಕೈಯೂ ಅದೇ ಎಂಬುದು ಅವಳಿಗೆ ನೆನಪಿರುತ್ತಿರಲಿಲ್ಲ.

ಆದ್ದರಿಂದ ಹಗಲುಮನೆ ಸಿಕ್ಕಿದ್ದು ದೇವಕಿಗೆ ಉಸಿರು ಸಿಕ್ಕಿದ ಹಾಗೆ. ಒಂದು ಭಾನುವಾರ ಬಾಗಿ ಮನೆಯಲ್ಲೂ ತಾನಾಗಿ ಬಂದು ಕೆಂಪು ಕುರ್ಚಿಯಲ್ಲಿ ಕೂತಾಗ ದೇವಕಿ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಯಾವುದೋ ಹಳೆಯ ಹೆದರಿಕೆ ಉಳಿದೆಲ್ಲದರ ಜೊತೆ ಮರೆತು ಹೋಗಿತ್ತು. ಎಷ್ಟೆಲ್ಲ ಕಿತ್ತುಕೊಂಡ ಕಾಯಿಲೆ ಒಂದನ್ನಾದರೂ ಕೊಟ್ಟಿತಲ್ಲ ಎಂದು ದೇವಕಿ ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಕರೆದೊಯ್ಯಲು ಬಂದಾಗ ಬಾಗಿಯ ಹಣೆ ಊದಿಕೊಂಡಿತ್ತು. ಫರ್ಝಾನಾ ಮುಖ ಸಣ್ಣದು ಮಾಡಿಕೊಂಡು ಹೇಳಿದಳು. ಕೆಲವು ದಿನಗಳಿಂದ ಅಜ್ಜಿ ವ್ಯಾಯಾಮದ ಹೊತ್ತಿಗೆ ಕೂರುವುದೇ ಇಲ್ಲ. ಕೂರಿಸಿದರೆ ಏಳುತ್ತಾಳೆ, ಮತ್ತೆ ಕೂರಿಸಿದರೆ ಮತ್ತೆ ಏಳುತ್ತಾಳೆ. ಕಾಲಲ್ಲಿ ತ್ರಾಣವಿಲ್ಲ, ನಿಂತಲ್ಲೇ ತೂಗಾಡುತ್ತಾಳೆ. ಇವತ್ತು ಹಿಡಿಯುವಷ್ಟರಲ್ಲಿ ಬಿದ್ದೇಬಿಟ್ಟಳು. ಸೊಂಟ ಮುರಿದಿದ್ದರೆ ಗತಿ ಏನು ಎಂದು ನಡೆಸುವವರು ಕೇಳುತ್ತಿದ್ದಾರೆ. ಹೀಗೇ ಆದರೆ ಇಟ್ಟುಕೊಳ್ಳುವುದು ಕಷ್ಟ ಎಂದೂ ಹೇಳಿದ್ದಾರೆ.

ದೇವಕಿಗೆ ಮಂಚದ ಕಾಲು ಕಣ್ಣ ಮುಂದೆ ಬಂತು. ಆ ರಾತ್ರಿ ಅಮ್ಮನನ್ನು ಬೇಡಿಕೊಂಡಳು, ಗದರಿದಳು, ಕಡೆಗೆ ತೋಳಿಗೆ ಚಿವುಟಿಯೂ ಬಿಟ್ಟಳು. ಅಲ್ಲಿ ಕೂತರೆ ನಿನ್ನ ಗಂಟು ಹೋಗುವುದೆಂತ ಎಂದು ಕೇಳಿದಳು. ಬಾಗಿ ಚಿವುಟಿದ ಜಾಗವನ್ನು ಉಜ್ಜಿಕೊಳ್ಳುತ್ತ, ನಿಲ್ಲಬೇಕಲ್ಲ ಎಂದಳು. ಮನೆಯ ಕೆಂಪು ಕುರ್ಚಿಯಲ್ಲೂ ಅವಳು ಮತ್ತೆ ಕೂರಲಿಲ್ಲ.

ಮರುದಿನ ದೇವಕಿ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಹಗಲುಮನೆಯಲ್ಲೇ ನಿಂತಳು. ಎಲ್ಲರೂ ಕೂತರು, ಬಾಗಿಯೂ ಕೂತಳು. ಅಷ್ಟರಲ್ಲಿ ಒಬ್ಬ ಅಜ್ಜನನ್ನು ಅವರ ಮಗ ಕೈ ಹಿಡಿದು ಒಳಗೆ ಕರೆತಂದ. ಬಿಳಿ ಪಂಚೆ, ಹೆಗಲಲ್ಲಿ ಶಾಲು, ಬಾಯಿ ಅರ್ಧ ತೆರೆದೇ ಇದೆ. ಫರ್ಝಾನಾ ಅವರನ್ನು ಬಾಗಿಯ ಎದುರಿನ ಕುರ್ಚಿಗೆ ಒಯ್ದು ಕೂರಿಸಿದಳು. ಬಾಗಿ ಎದ್ದು ನಿಂತಳು. ತಲೆ ತಗ್ಗಿಸಿ, ಸೆರಗನ್ನು ಎಳೆದುಕೊಂಡು, ಕೈ ಕಟ್ಟಿ ನಿಂತಳು.

ದೇವಕಿಗೆ ಅಜ್ಜನ ಗುರುತು ಸಿಕ್ಕಿತು. ಅವರು ಬೆಟ್ಟಂಪಾಡಿಯ ವೆಂಕಟ್ರಮಣ ಭಟ್ಟರು. ಬಾಗಿ ಲಂಗ ಉಡುವ ಪ್ರಾಯದಿಂದ ಬೆನ್ನು ಬಾಗುವವರೆಗೆ ದುಡಿದದ್ದು ಅವರ ಅಂಗಳದಲ್ಲಿ. ಜೊತೆಯಲ್ಲಿದ್ದವನು ಅವರ ಮಗ ಮುರಳಿಕೃಷ್ಣ. ತಂದೆಯನ್ನು ಅವನು ಹಗಲುಮನೆಗೆ ಸೇರಿಸಿ ಕೆಲವೇ ದಿನಗಳಾಗಿದ್ದವು.

ಫರ್ಝಾನಾಳ ತಪ್ಪು ಏನೂ ಇರಲಿಲ್ಲ. ಇಬ್ಬರ ಊರೂ ಬೆಟ್ಟಂಪಾಡಿ ಎಂದು ತಿಳಿದು ಅವಳಿಗೆ ಖುಷಿಯಾಗಿತ್ತು. ಮರೆವಿನವರಿಗೆ ಊರಿನವರು ಸಿಕ್ಕಿದರೆ ಮಾತು ಬರುತ್ತದೆ, ಮುಖ ನೋಡುತ್ತ ವ್ಯಾಯಾಮ ಮಾಡುತ್ತಾರೆ ಎಂದು ಬೇಕೆಂದೇ ಎದುರುಬದುರು ಕೂರಿಸಿದ್ದಳು. ಈ ಸೀಮೆಯಲ್ಲಿ ಎಲ್ಲರೂ ಮಾಡುವ ಉಪಕಾರ ಅದು: ಬಸ್ಸಿನಲ್ಲಿ ಸಿಕ್ಕವರನ್ನೂ ಮೊದಲು ಊರು ಕೇಳಿ, ಆಮೇಲೆ ಅದೇ ಊರಿನವರ ಪಕ್ಕ ಕೂರಿಸುತ್ತಾರೆ. ಒಂದೇ ಊರಿನಲ್ಲಿ ಒಬ್ಬರು ಚಾವಡಿಯಲ್ಲೂ ಒಬ್ಬರು ಅಂಗಳದಲ್ಲೂ ಇದ್ದಿರಬಹುದು ಎಂಬುದು ಆ ಹುಡುಗಿಗೆ ಹೊಳೆಯಲಿಲ್ಲ.

ಭಟ್ಟರು ಕೆಟ್ಟವರಾಗಿದ್ದರೆ ದೇವಕಿಗೆ ಸುಲಭವಿತ್ತು, ಶಾಪ ಹಾಕಿ ಹಗುರಾಗಬಹುದಿತ್ತು. ಊರಲ್ಲಿ ಅವರಿಗೆ ಒಳ್ಳೆಯ ಧಣಿ ಎಂದೇ ಹೆಸರು. ಜ್ವರ ಬಂದರೆ ಔಷಧಿ ಕೊಡಿಸಿದವರು, ಹಬ್ಬಕ್ಕೆ ಬಟ್ಟೆ ಕೊಟ್ಟವರು. ಆದರೆ ಅವರು ಅಂಗಳಕ್ಕೆ ಇಳಿದರೆ ಕೂತವರು ಏಳಬೇಕು. ಅವರು ಕೂತ್ಕೋ ಎಂದ ಮೇಲೆ ಕೂರಬಹುದು, ಅದೂ ನೆಲದಲ್ಲಿ. ಹಾಗೆಂದು ಅವರು ಯಾರಿಗೂ ಹೇಳಿದ್ದಿಲ್ಲ. ಅವರ ಮನೆಯ ಮದುವೆಯೊಂದರಲ್ಲಿ, ಬಾಡಿಗೆಗೆ ತಂದ ಕಬ್ಬಿಣದ ಕುರ್ಚಿಯ ಮೇಲೆ ಸಣ್ಣ ದೇವಕಿ ಹೋಗಿ ಕೂತಾಗ ಎಳೆದು ಇಳಿಸಿ ಕೆನ್ನೆಗೆ ಬಾರಿಸಿದ್ದು ಭಟ್ಟರಲ್ಲ, ಬಾಗಿ. ಆ ಪೆಟ್ಟನ್ನು ದೇವಕಿ ಅಮ್ಮನ ಲೆಕ್ಕಕ್ಕೆ ಹಾಕಿರಲಿಲ್ಲ, ಯಾರ ಲೆಕ್ಕಕ್ಕೆ ಹಾಕುವುದೆಂದೂ ತಿಳಿದಿರಲಿಲ್ಲ. ಈಗ ಬಾಗಿಗೆ ಗಂಡ ಸತ್ತದ್ದು ಮರೆತಿದೆ, ಬೆಳಿಗ್ಗೆ ಉಂಡದ್ದು ಮರೆತಿದೆ. ಧಣಿ ಬಂದರೆ ಏಳಬೇಕೆಂಬುದು ಮರೆತಿಲ್ಲ. ಅದು ತಲೆಯಲ್ಲಿದ್ದರೆ ತಾನೇ ಮರೆಯಲು, ಮೊಣಕಾಲಿನಲ್ಲಿ ಸೇರಿಕೊಂಡಿತ್ತು.

ಇದನ್ನು ಫರ್ಝಾನಾಳಿಗೆ ಹೇಳುವುದು ದೇವಕಿಗೆ ಬೇಡವಾಗಿತ್ತು. ಬೇರೆಯವರ ಮನೆಯ ಹುಡುಗಿಯ ಮುಂದೆ ತನ್ನ ತಾಯಿಯ ಮಾನ ಬಿಚ್ಚಿಟ್ಟ ಹಾಗೆ. ಆದರೂ ಹೊರಗೆ ಕರೆದು ಹೇಳಿದಳು. ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು, ನನಗೆ ಗೊತ್ತಿರಲಿಲ್ಲ ಅಕ್ಕ ಎಂದು ಮತ್ತೆ ಮತ್ತೆ ಹೇಳಿದಳು. ಕೂಡಲೇ ಹೋಗಿ ಭಟ್ಟರ ಕುರ್ಚಿಯನ್ನು ಬಾಗಿಯ ಬೆನ್ನ ಹಿಂದೆ, ಮೂಲೆಗೆ ಒಯ್ದಳು. ಬಾಗಿ ಕೂತಳು. ದೇವಕಿ ಉಸಿರು ಬಿಡುವಷ್ಟರಲ್ಲಿ ಮೂಲೆಯಿಂದ ಸ್ವರ ಬಂತು.

"ಬಾಗೀ."

ಅಷ್ಟೇ. ಸ್ವಂತ ಮಗನನ್ನು ಯಾರೆಂದು ಕೇಳುವ ಮನುಷ್ಯನಿಗೆ ಅಡಿಕೆ ಸುಲಿಯುವ ಹೆಂಗಸಿನ ಹೆಸರು ನೆನಪಿತ್ತು. ಬಾಗಿ ಸೆಟೆದು ಎದ್ದಳು, ತಿರುಗುವಾಗ ಕಾಲು ತೊಡರಿತು, ದೇವಕಿ ಓಡಿ ಹೋಗಿ ಹಿಡಿದಳು. ಬೇರೆ ಹೊತ್ತಿನಲ್ಲಿ ಕರೆತರಲು ಮುರಳಿಕೃಷ್ಣನಿಗೆ ಆಗುತ್ತಿರಲಿಲ್ಲ, ಬೇರೆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸುವವರೂ ಇರಲಿಲ್ಲ. ಹಾಲ್ ಒಂದೇ, ಗಂಟೆ ಒಂದೇ. ಯಾರಾದರೂ ಒಬ್ಬರು ಬಿಡಬೇಕೆಂದರೆ ಯಾರು ಬಿಡಬೇಕಾಗುತ್ತದೆ ಎಂದು ದೇವಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಮುರಳಿಕೃಷ್ಣನ ಹತ್ತಿರ ಹೋದಳು. ಚಿಕ್ಕಂದಿನಲ್ಲಿ ಸಣ್ಣ ಧಣಿ ಎಂದು ಕರೆಯುತ್ತಿದ್ದವಳು. ಈಗ ಏನೂ ಕರೆಯದೆ ಮಾತು ಮುಗಿಸುವ ಉಪಾಯ ಕಲಿತಿದ್ದಳು. ವಿಷಯ ಕೇಳಿ ಅವನ ಮುಖ ಕೆಂಪಾಯಿತು.

"ಅಪ್ಪ ಯಾರಿಗೂ ಕೂರ್ಬೇಡ ಅಂತ ಹೇಳಿದವರಲ್ಲ, ದೇವಕಿ. ನಿನಗೆ ಗೊತ್ತುಂಟಲ್ಲ."

"ಹೇಳ್ಬೇಕಂತ ಇರ್ಲಿಲ್ಲ," ಎಂದಳು ದೇವಕಿ. "ಈಗ ಕೂತ್ಕೋ ಅಂತ ಒಂದು ಮಾತು ಹೇಳ್ಲಿ. ಅಷ್ಟು ಸಾಕು."

ಮುರಳಿಕೃಷ್ಣ ತಂದೆಯ ಕಿವಿಯ ಹತ್ತಿರ ಬಗ್ಗಿ ಸುಮಾರು ಹೊತ್ತು ಮಾತಾಡಿದ. ಭಟ್ಟರು ಕಣ್ಣು ಕಿರಿದು ಮಾಡಿ ಬಾಗಿಯನ್ನು ನೋಡಿದರು. ಆಮೇಲೆ ತುಳುವಿನಲ್ಲಿ, ಸಾವಕಾಶ, ಮುದ್ದಾಗಿಯೇ ಎನ್ನಬೇಕು, ಎಂತಕ್ಕೆ ನಿಂತದ್ದು ಬಾಗಿ, ಕೂತ್ಕೋ ಎಂದರು.

ಬಾಗಿಯ ಮುಖ ಅರಳಿತು. ಅವಳು ತನ್ನ ಕುರ್ಚಿಯನ್ನು ದಾಟಿ ಹೋದಳು. ಮೂಲೆಗೆ ಹೋಗಿ, ಭಟ್ಟರ ಕುರ್ಚಿಯ ಮುಂದೆ, ಒಂದು ಕೈ ನೆಲಕ್ಕೆ ಊರಿ, ಸೀರೆ ಮಡಿಸಿಕೊಂಡು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ನಿಲ್ಲುವಾಗ ನಡುಗುತ್ತಿದ್ದ ದೇಹ ಎಲ್ಲಿಯೂ ನಡುಗಲಿಲ್ಲ. ಫರ್ಝಾನಾ ಗಾಬರಿಯಾಗಿ, ಏನು ಮಾಡುವುದೆಂದು ತೋಚದೆ, ಕೈ ಮೇಲೆತ್ತಿ ಎಂದಳು. ಬಾಗಿ ಎತ್ತಿದಳು. ಚೆಂಡು ಕೊಟ್ಟರೆ ಭಟ್ಟರ ಮಡಿಲಿಗೆ ದಾಟಿಸಿದಳು. ಒಂದು ಸಲವೂ ಏಳಲಿಲ್ಲ. ಇಷ್ಟು ಚಂದ ಯಾರೂ ಮಾಡಿದ್ದಿಲ್ಲ ಎಂದು ಫರ್ಝಾನಾಳಿಗೆ ಅಳುವಷ್ಟು ಸಂತೋಷವಾಯಿತು. ನೆಲದಲ್ಲಿ ಕೂತರೂ ಅಡ್ಡಿಯಿಲ್ಲ, ಏಳಿಸಲು ನಾವಿದ್ದೇವೆ, ನಡೆಸುವವರನ್ನು ನಾನು ಒಪ್ಪಿಸುತ್ತೇನೆ ಎಂದಳು. ಮುರಳಿಕೃಷ್ಣನೂ ಹಗುರಾದ, ಅಪ್ಪನೂ ಇವತ್ತು ಎಷ್ಟು ಸಮಾಧಾನದಲ್ಲಿದ್ದಾರೆ ನೋಡು ಎಂದ.

ದೇವಕಿಯ ಮೈಯೆಲ್ಲ ಉರಿಯಿತು. ಬೇಡಿದ್ದು ಸಿಕ್ಕಿತ್ತು. ಅದನ್ನು ತೆಗೆದುಕೊಳ್ಳಲು ಅವಳ ಕೈ ಏಳಲಿಲ್ಲ.

"ಬೇಡ," ಎಂದಳು. "ಇಷ್ಟು ಜನ ಕುರ್ಚಿಯಲ್ಲಿ ಕೂತಿದ್ದಾರೆ. ನನ್ನ ಅಮ್ಮ ಒಬ್ಬಳು ಅವರ ಕಾಲಬುಡದಲ್ಲಿ ಕೂರುದು ಬೇಡ."

ಮನೆಯಲ್ಲಿ ನೋಡಿಕೊಳ್ಳಲು ಯಾರಿದ್ದಾರೆ ಎಂದು ಫರ್ಝಾನಾ ಮೆಲ್ಲಗೆ ಕೇಳಿದಳು. ದೇವಕಿ ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿ ಏಳಲೊಲ್ಲೆ ಎಂದು ಭಾರ ಬಿಟ್ಟಳು. ಎಳೆದೇ ಕರೆದೊಯ್ಯಬೇಕಾಯಿತು. ಬಸ್ಸಿನಲ್ಲಿ ದೇವಕಿಗೆ ತಾನು ಮಾಡಿದ್ದು ಸರಿ ಎಂದೇ ಅನ್ನಿಸುತ್ತಿತ್ತು. ಒಂದು ಬಗೆಯ ಹೆಮ್ಮೆಯೂ ಇತ್ತು. ಇಷ್ಟು ವರ್ಷ ಆಡದೇ ಉಳಿದ ಮಾತನ್ನು ಸಣ್ಣ ಧಣಿಯ ಮುಖಕ್ಕೇ ಆಡಿ ಬಂದಿದ್ದಳು.

ಹೆಮ್ಮೆ ಬೆಳಗಿನವರೆಗೆ ಇತ್ತು. ಬೆಳಿಗ್ಗೆ ಕಾರ್ಖಾನೆಯ ಹೊತ್ತಾಯಿತು. ದೇವಕಿ ಪೆಟ್ಟಿಗೆಯಿಂದ ಹಳೆಯ ಸೀರೆ ತೆಗೆದಳು.

ಆ ದಿನ ಬೀಜ ಸುಲಿಯುವಾಗ ಅವಳ ಕೈ ಓಡಲಿಲ್ಲ. ಸಂಜೆ ಓಡೋಡಿ ಬಂದು ಬಾಗಿಲು ತೆರೆದರೆ ಬಾಗಿ ಮಂಚದ ಕೆಳಗೆ, ಗೋಡೆಗೆ ಒರಗಿ ಬಿದ್ದಿದ್ದಳು. ಬಿಡಿಸಿಕೊಳ್ಳಲು ಎಳೆದೆಳೆದು ಗಂಟು ಬಿಗಿದುಕೊಂಡಿತ್ತು. ಸೊಂಟದ ಸುತ್ತ ತೊಗಲು ಕಿತ್ತು ಬಂದು ಸೀರೆಗೆ ರಕ್ತ ಅಂಟಿತ್ತು. ಚೊಂಬು ಉರುಳಿ ನೀರೆಲ್ಲ ಚೆಲ್ಲಿತ್ತು, ತುಟಿ ಒಣಗಿ ಬಿಳಿಯಾಗಿತ್ತು. ದೇವಕಿ ಗಂಟಿಗೆ ಕೈ ಹಾಕಿದಳು, ಬರಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು. ಬಾಗಿ ಈ ಸಲ ಕೈ ಸವರಲಿಲ್ಲ. ಹೆದರಿ, ಎರಡೂ ಕೈ ಜೋಡಿಸಿದಳು.

"ಬಿಡಿ ಅಕ್ಕೆರೇ," ಎಂದಳು. "ನಾನು ಎಂತದೂ ಕದ್ದಿಲ್ಲ."

ಅಕ್ಕೆರೇ ಎಂದರೆ ಧಣಿಯ ಮನೆಯ ಹೆಂಗಸರನ್ನು ಕರೆಯುವ ಮಾತು. ಕದ್ದು ಸಿಕ್ಕಿಬಿದ್ದವರನ್ನು ಕಂಬಕ್ಕೆ ಕಟ್ಟುತ್ತಿದ್ದ ಕಾಲವೊಂದಿತ್ತು. ಭಟ್ಟರ ಮನೆಯಲ್ಲಲ್ಲ, ಬೇರೆ ಕಡೆ. ಬಾಗಿ ಅದನ್ನು ಕಣ್ಣಾರೆ ಕಂಡವಳು. ಭಟ್ಟರು ಜೀವಮಾನದಲ್ಲಿ ಅವಳ ಮೈ ಮುಟ್ಟಿದವರಲ್ಲ. ಅವಳನ್ನು ಕಟ್ಟಿಹಾಕಿದವಳು, ಅದೂ ಅವಳ ಮಾನ ಕಾಯುವುದಕ್ಕೆಂದು ಕಟ್ಟಿಹಾಕಿದವಳು, ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಮಾನ ಯಾರದ್ದು? ಅಮ್ಮನದ್ದಂತೂ ಅಲ್ಲ. ನೆಲದಲ್ಲಿ ಕೂತಾಗ ಅವಳ ಮುಖ ಹೇಗೆ ಅರಳಿತ್ತು ಎಂದು ದೇವಕಿ ನೋಡಿದ್ದಳು. ನೋಡಿಯೂ ಎಳೆದುಕೊಂಡು ಬಂದಿದ್ದಳು. ಗಾಯಕ್ಕೆ ತೆಂಗಿನೆಣ್ಣೆ ಹಚ್ಚುತ್ತ ದೇವಕಿ ಜೋರಾಗಿಯೇ ಅತ್ತಳು. ಬಾಗಿ ಯಾರದೋ ಮನೆಯ ಅಳುವನ್ನು ನೋಡುವ ಹಾಗೆ ಬಾಗಿಲ ಕಡೆ ಸರಿದು ಕೂತಳು.

ಗಾಯ ಒಣಗಲು ಬಿಟ್ಟು, ಅಷ್ಟೂ ದಿನ ಕೂಲಿ ಕಳೆದುಕೊಂಡು ಮನೆಯಲ್ಲಿದ್ದು, ಒಂದು ಸೋಮವಾರ ಬೆಳಿಗ್ಗೆ ದೇವಕಿ ಚಾಪೆಯೊಂದನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡಳು. ಅಮ್ಮನ ಕೈ ಹಿಡಿದು ಬಸ್ಸು ಹತ್ತಿದಳು. ಹಗಲುಮನೆಯಲ್ಲಿ ಫರ್ಝಾನಾ ಚಾಪೆಗೆ ಕೈ ಚಾಚಿದಾಗ ದೇವಕಿ ಕೊಡಲಿಲ್ಲ. ಭಟ್ಟರ ಕುರ್ಚಿಯ ಮುಂದೆ ತಾನೇ ಬಿಡಿಸಿದಳು, ಮುದುಡಿದ ಅಂಚನ್ನು ತಾನೇ ಸರಿಮಾಡಿದಳು. ಆ ಹೊತ್ತಿಗೆ ಅವಳಿಗೆ ಸತ್ತಷ್ಟು ನಾಚಿಕೆಯಾಗಿತ್ತು.

ಭಟ್ಟರು ಕೂತ್ಕೋ ಎಂದರು. ಬಾಗಿ ಕೂತಳು. ವ್ಯಾಯಾಮ ಶುರುವಾಯಿತು. ಕೈ ಮೇಲೆ, ಕೈ ಕೆಳಗೆ. ಆಮೇಲೆ ಬಲಗಾಲು ಮುಂದೆ ಎಂದಳು ಫರ್ಝಾನಾ. ಭಟ್ಟರಿಗೆ ಕಾಲು ಎತ್ತಲಾಗಲಿಲ್ಲ, ಮುಖ ಕಿವುಚಿದರು. ಬಾಗಿ ಮುಂದೆ ಸರಿದು ಅವರ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೇಕಾದಷ್ಟು ಎತ್ತಿ, ಎಣಿಕೆ ಮುಗಿಯುವವರೆಗೆ ಹಾಗೇ ಹಿಡಿದುಕೊಂಡಳು. ಫರ್ಝಾನಾ ಚಪ್ಪಾಳೆ ತಟ್ಟಿದಳು, ಸುತ್ತ ಕೂತವರೂ ಯಾಕೆಂದು ತಿಳಿಯದೆ ತಟ್ಟಿದರು. ಅಮ್ಮನ ಮುಖದಲ್ಲಿ ಇಷ್ಟು ನೆಮ್ಮದಿಯನ್ನು ದೇವಕಿ ತನ್ನ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ.

ಕಾರ್ಖಾನೆಗೆ ಹೊರಡಬೇಕೆಂದು ತಿರುಗಿದಾಗ ಭಟ್ಟರು ಅವಳನ್ನು ನೋಡಿದರು. ಅವಳು ಯಾಕೆ ನಿಂತದ್ದು ಎಂದು ಬಾಗಿಯನ್ನು ಕೇಳಿದರು. ಬಾಗಿ ತಿರುಗಿದಳು. ಕೆಲಸದ ನಡುವೆ ಅಂಗಳದಲ್ಲಿ ಮಗಳನ್ನು ಕಂಡ ತಾಯಿಯ ಹಾಗೆ, ಏನೂ ಆಗಿಯೇ ಇಲ್ಲ ಎಂಬ ಹಾಗೆ, ಚಾಪೆಯಲ್ಲಿ ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ದೇವಕೀ, ಬಾ ಮಗಾ, ಕೂತ್ಕೋ. ಧಣಿ ಹೇಳಿದ್ದಾರೆ."

ವರ್ಷದ ಮೇಲಾಗಿತ್ತು ಆ ಬಾಯಲ್ಲಿ ಆ ಹೆಸರು ಬಂದು. ಎರಡು ಹೆಜ್ಜೆ ಆಚೆ ಬಾಗಿಯ ಕುರ್ಚಿ ಖಾಲಿ ಇತ್ತು. ಫರ್ಝಾನಾ ಅದನ್ನು ನೋಡಿ, ದೇವಕಿಯನ್ನು ನೋಡಿದಳು.

ದೇವಕಿ ಹೋಗಿ ಅಮ್ಮನ ಪಕ್ಕ ಚಾಪೆಯಲ್ಲಿ ಕೂತಳು. ಎಡಗಾಲು ಮುಂದೆ ಎಂದಳು ಫರ್ಝಾನಾ.